ಹಿಡಿದು ಬಿಟ್ಟ ಮೀನು ಬದುಕುತ್ತದೆಯೇ? ಬಾಸ್ ಸ್ಪರ್ಧೆಯ ವಿಡಿಯೊದಿಂದ ನಮ್ಮ ಶಿಂಷಾ ಹೊಳೆಯವರೆಗೆ

ಕುಣಿಗಲ್‌ನಲ್ಲಿರುವ ನಮ್ಮ ಸೋದರಮಾವ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದರು. ಅಮೆರಿಕದ ಯಾವುದೋ ಕೆರೆ, ಹೊಳೆಯುವ ಮೋಟಾರು ದೋಣಿ, ಮೈತುಂಬ ಕಂಪನಿ ಹೆಸರುಗಳಿರುವ ಅಂಗಿ ತೊಟ್ಟ ಒಬ್ಬಾತ. ದೊಡ್ಡ ಹಸಿರು ಮೀನೊಂದನ್ನು ದವಡೆ ಹಿಡಿದು ಎತ್ತುತ್ತಾನೆ, ಕ್ಯಾಮೆರಾಗೆ ನಗುತ್ತಾನೆ, ತೂಕ ಮಾಡಿಸುತ್ತಾನೆ, ಆಮೇಲೆ ನೀರಿಗೆ ಬಿಡುತ್ತಾನೆ. ಕೆಳಗೆ ಹೀಗೆ ಬರೆದಿತ್ತು: "ಇದೇ ನಿಜವಾದ ಮತ್ಸ್ಯ ಸಂರಕ್ಷಣೆ. ಹಿಡಿದು ಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲ. ಎಲ್ಲರಿಗೂ ಶೇರ್ ಮಾಡಿ."

ಮಾವ ತಮ್ಮದೂ ಒಂದು ಸಾಲು ಸೇರಿಸಿದ್ದರು: "ನೋಡಮ್ಮ, ನಾವು ಹಿಡಿದ್ರೆ ಸಾರು, ಅವರು ಹಿಡಿದ್ರೆ ಫೋಟೊ."

ಹತ್ತು ನಿಮಿಷಕ್ಕೆ ಗುಬ್ಬಿಯ ಚಿಕ್ಕಮ್ಮನಿಂದ ಮತ್ತೊಂದು ಫಾರ್ವರ್ಡ್ ಬಂತು. ಅದು ಇದಕ್ಕೆ ಪೂರ್ತಿ ಉಲ್ಟಾ: "ಗಾಳ ತಗುಲಿದ ಮೀನು ಒಂದೂ ಬದುಕುವುದಿಲ್ಲ. ಬಿಡುವುದೆಲ್ಲ ನಾಟಕ." ಆಮೇಲೆ ಇಬ್ಬರೂ ನನ್ನ ಹೆಸರು ಟ್ಯಾಗ್ ಮಾಡಿ, "ನೀನು ಓದಿದೋಳು, ಹೇಳು ಯಾವುದು ನಿಜ" ಅಂದರು. ನಾನು ಮೀನಿನ ತಜ್ಞೆ ಅಲ್ಲ, ಓದಿದ್ದು ಸಂವಹನ. ಆದರೆ ಒಂದು ಫಾರ್ವರ್ಡ್ ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ಅರ್ಧ ನುಂಗುತ್ತದೆ ಎಂದು ಹುಡುಕುವುದೇ ನನ್ನ ಕೆಲಸ. ಹುಡುಕುತ್ತಾ ಹೋದಾಗ ಈ ಕಥೆ ಅಮೆರಿಕದಲ್ಲಿ ಮುಗಿಯದೆ ನಮ್ಮ ದೇವರಾಯನದುರ್ಗದ ಬುಡದವರೆಗೂ ಬಂತು.

ಮೊದಲು ಚುಟುಕಾಗಿ ಉತ್ತರ

ಎರಡೂ ಫಾರ್ವರ್ಡ್ ತಪ್ಪು. ಹಿಡಿದು ಬಿಟ್ಟ ಮೀನುಗಳಲ್ಲಿ ಹೆಚ್ಚಿನವು ಬದುಕುತ್ತವೆ, ಆದರೆ ಎಲ್ಲವೂ ಅಲ್ಲ. ಇಂಥ ಅಧ್ಯಯನಗಳನ್ನು ಒಟ್ಟುಮಾಡಿ 2005ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬೇರೆ ಬೇರೆ ಜಾತಿಯ ಮೀನುಗಳ ಕುರಿತ 274 ಅಂದಾಜುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಬಿಟ್ಟ ಮೇಲೆ ಸತ್ತ ಮೀನುಗಳ ಸರಾಸರಿ ನೂರಕ್ಕೆ 18. ಆದರೆ ಈ ಸರಾಸರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಲವು ಅಧ್ಯಯನಗಳಲ್ಲಿ ಒಂದೂ ಸತ್ತಿರಲಿಲ್ಲ, ಕೆಲವದರಲ್ಲಿ ನೂರಕ್ಕೆ 95 ಸತ್ತಿದ್ದವು.

ಸೊನ್ನೆಗೂ 95ಕ್ಕೂ ನಡುವಿನ ಈ ಅಂತರವೇ ಅಸಲಿ ವಿಷಯ. ಮೀನು ಬದುಕುತ್ತದೋ ಸಾಯುತ್ತದೋ ಎನ್ನುವುದನ್ನು ಗಾಳ ಒಂದೇ ತೀರ್ಮಾನಿಸುವುದಿಲ್ಲ. ಗಾಳ ಎಲ್ಲಿ ಚುಚ್ಚಿತು, ಮೀನು ಎಷ್ಟು ಹೊತ್ತು ಒದ್ದಾಡಿತು, ಎಷ್ಟು ಹೊತ್ತು ಗಾಳಿಯಲ್ಲಿತ್ತು, ನೀರು ಎಷ್ಟು ಬಿಸಿಯಿತ್ತು, ಅದು ಮೊಟ್ಟೆ ಕಾಯುವ ಕಾಲವೇ ಎಂಬುದೆಲ್ಲ ಸೇರಿ ತೀರ್ಮಾನಿಸುತ್ತವೆ. ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಒಂದು ಮೀನು ಬದುಕಿದ ಮಾತ್ರಕ್ಕೆ ಆ ಜಾತಿ ಉಳಿಯಿತೇ? ಇದಕ್ಕೆ ಉತ್ತರ ನಮ್ಮ ಕಾವೇರಿಯಲ್ಲೇ ಇದೆ. ಅಲ್ಲಿಗೆ ಆಮೇಲೆ ಬರೋಣ.

ವಿಡಿಯೊದಲ್ಲಿ ಇರುವುದು ಏನು?

ಆ ಹಸಿರು ಮೀನಿನ ಹೆಸರು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್. ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. ಬಾಸ್ ಹಿಡಿಯುವುದನ್ನು ಅಲ್ಲಿ ಬಹುಮಾನದ ಆಟವಾಗಿ ದೊಡ್ಡದು ಮಾಡಿದವರು ರೇ ಸ್ಕಾಟ್ ಎಂಬ ವಿಮಾ ಮಾರಾಟಗಾರ. 1967ರಲ್ಲಿ ಅವರು ಅರ್ಕನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ಮೊದಲ ದೊಡ್ಡ ಸ್ಪರ್ಧೆ ನಡೆಸಿದರು. 1971ರಲ್ಲಿ ಶುರುವಾದ 'ಬಾಸ್‌ಮಾಸ್ಟರ್ ಕ್ಲಾಸಿಕ್' ಇವತ್ತು ಈ ಆಟದ ವಿಶ್ವಕಪ್ ಇದ್ದ ಹಾಗೆ. ಆಟದ ನಿಯಮ ಸರಳ: ಸಾಮಾನ್ಯವಾಗಿ ದಿನಕ್ಕೆ ಐದು ಮೀನು ಲೆಕ್ಕ, ಐದರ ಒಟ್ಟು ತೂಕ ಯಾರದು ಹೆಚ್ಚೋ ಅವರು ಮುಂದೆ.

ಮೊದಲ ವರ್ಷಗಳಲ್ಲಿ ಸ್ಪರ್ಧೆಯ ಮೀನುಗಳು ಸಾಯುತ್ತಿದ್ದವು. ಕೆರೆಯ ದೊಡ್ಡ ಮೀನನ್ನೆಲ್ಲ ಇವರೇ ಖಾಲಿ ಮಾಡುತ್ತಾರೆ ಎಂಬ ದೂರು ಎದ್ದಿತು. 1972ರಲ್ಲಿ ಸ್ಕಾಟ್ 'ಹಿಡಿದದ್ದನ್ನು ಕೊಲ್ಲಬೇಡಿ' ಎಂಬ ಅಭಿಯಾನ ಆರಂಭಿಸಿದರು. ದೋಣಿಯಲ್ಲೇ ನೀರಿನ ತೊಟ್ಟಿ, ಅದಕ್ಕೆ ಗಾಳಿ ಊದುವ ಯಂತ್ರ ಬಂತು. ತೂಕಕ್ಕೆ ಸತ್ತ ಮೀನು ತಂದರೆ ಅಂಕ ಕಡಿತ ಎಂಬ ನಿಯಮವೂ ಬಂತು. ತೂಕದ ಕಟ್ಟೆಗೆ ಬರುವಷ್ಟರಲ್ಲಿ ಸಾಯುವ ಮೀನುಗಳ ಪ್ರಮಾಣ ಮುಂದಿನ ದಶಕಗಳಲ್ಲಿ ಕಡಿಮೆಯಾಯಿತು. ಮಾವನ ಫಾರ್ವರ್ಡಿನಲ್ಲಿ ನಿಜ ಇರುವುದು ಇಷ್ಟು. ಒಂದು ಆಟ ತನ್ನನ್ನು ತಾನು ತಿದ್ದಿಕೊಂಡಿದ್ದು ಸಣ್ಣ ವಿಷಯವಲ್ಲ.

ಆದರೆ ವಿಡಿಯೊ ಮುಗಿಯುವುದು ಮೀನು ಬಾಲ ಬೀಸಿ ನೀರೊಳಗೆ ಮರೆಯಾದಾಗ. ಮೀನಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ನೀರಿನಿಂದ ಹೊರಬಂದ ಮೀನಿಗೆ ಏನಾಗುತ್ತದೆ?

ಮೀನಿನ ಕಿವಿರು ನೋಡಿದ್ದೀರಲ್ಲ, ಕೆಂಪಗೆ, ತೆಳು ಎಳೆಗಳ ಸಾಲು. ನೀರಿನಲ್ಲಿ ಆ ಎಳೆಗಳು ಪುಸ್ತಕದ ಹಾಳೆಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ನಡುವೆ ನೀರು ಹರಿದು ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಹೊರಗೆ ತೆಗೆದರೆ ಒದ್ದೆ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಆ ಎಳೆಗಳು ಅಂಟಿಕೊಳ್ಳುತ್ತವೆ. ಸುತ್ತ ಗಾಳಿ ಧಾರಾಳವಾಗಿದ್ದರೂ ಮೀನಿಗೆ ಉಸಿರಾಡಲು ಆಗುವುದಿಲ್ಲ.

ಅದೂ ಯಾವ ಹೊತ್ತಿನಲ್ಲಿ? ದಾರದ ತುದಿಯಲ್ಲಿ ಒದ್ದಾಡಿ ಸುಸ್ತಾದ ಹೊತ್ತಿನಲ್ಲಿ. ನಾವು ಉಸಿರು ಬಿಗಿಹಿಡಿದು ಓಡಿದಾಗ ಕಾಲು ಸೋಲುವುದಿಲ್ಲವೇ, ಹಾಗೆ ಮೀನಿನ ಸ್ನಾಯುಗಳಲ್ಲೂ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿರುತ್ತದೆ. ಓಟ ಮುಗಿಸಿದವನ ಮೂಗು ಬಾಯಿ ಮುಚ್ಚಿ "ಸ್ವಲ್ಪ ಇರಿ, ಫೋಟೊ ತೆಗೀತೀನಿ" ಅಂದರೆ ಹೇಗಿರುತ್ತದೆ, ಯೋಚಿಸಿ.

1992ರಲ್ಲಿ ಕೆನಡಾದ ವಿಜ್ಞಾನಿಗಳು ಇದನ್ನು ಟ್ರೌಟ್ ಮೀನುಗಳ ಮೇಲೆ ಅಳೆದರು. ಓಡಿಸಿ ಸುಸ್ತು ಮಾಡಿ ನೀರಲ್ಲೇ ಬಿಟ್ಟ ಮೀನುಗಳಲ್ಲಿ ನೂರಕ್ಕೆ 88 ಬದುಕಿದವು. ಸುಸ್ತಾದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟವುಗಳಲ್ಲಿ 62. ಒಂದು ನಿಮಿಷ ಇಟ್ಟವುಗಳಲ್ಲಿ 28 ಮಾತ್ರ. ಇದು ಪ್ರಯೋಗಾಲಯದಲ್ಲಿ, ರಕ್ತ ತೆಗೆಯಲು ನಳಿಗೆ ಹಾಕಿದ ಮೀನುಗಳ ಮೇಲೆ ಮಾಡಿದ ಪರೀಕ್ಷೆ. ಕೆರೆಯ ಎಲ್ಲ ಮೀನಿಗೂ ಇದೇ ಲೆಕ್ಕ ಎನ್ನಲಾಗದು. ಬಾಸ್ ಟ್ರೌಟ್‌ಗಿಂತ ಗಟ್ಟಿ. ಆದರೆ ದಿಕ್ಕು ಸ್ಪಷ್ಟ: ಒಂದೊಂದು ಸೆಕೆಂಡಿಗೂ ಬೆಲೆ ಇದೆ.

ನೀರಿನ ಬಿಸಿಗೂ ಬೆಲೆ ಇದೆ. 20 ಡಿಗ್ರಿ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಬೇಸಗೆಯ ಸ್ಪರ್ಧೆಗಳಲ್ಲಿ ಬಾಸ್ ಹೆಚ್ಚು ಸಾಯುವುದಕ್ಕೆ ಇದೂ ಒಂದು ಕಾರಣ. ಏಪ್ರಿಲ್ ಮಧ್ಯಾಹ್ನ ಅರ್ಧ ಬತ್ತಿದ ನಮ್ಮ ಕೆರೆಯಲ್ಲಿ ಹಿಡಿದು ಬಿಟ್ಟ ಮೀನು ಹಿಂದಿರುಗುವುದು ಇಂಥ ನೀರಿಗೇ.

"ಮೀನಿಗೆ ನೋವಾಗಲ್ಲ, ಮೂರು ಸೆಕೆಂಡಿಗೆ ಮರೆತುಬಿಡುತ್ತೆ"

ಈ ಮಾತು ಯಾವ ಮೀನಿನ ವಿಡಿಯೊ ಕೆಳಗೆ ಹೋದರೂ ಸಿಗುತ್ತದೆ. ಮೂರು ಸೆಕೆಂಡಿನ ನೆನಪು ಶುದ್ಧ ಸುಳ್ಳು. ತಿಂಡಿ ಹಾಕುವ ಹೊತ್ತು, ಜಾಗ, ಅಪಾಯದ ಗುರುತು, ಎಲ್ಲವನ್ನೂ ಮೀನು ದಿನಗಟ್ಟಲೆ, ತಿಂಗಳುಗಟ್ಟಲೆ ನೆನಪಿಡುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಮಂಡಕ್ಕಿ ಪೊಟ್ಟಣ ಹಿಡಿದು ಹೋದವರಿಗೆ ಇದನ್ನು ವಿಜ್ಞಾನಿ ಬಂದು ಹೇಳಬೇಕಾಗಿಲ್ಲ.

ನೋವಿನ ವಿಷಯ ಸ್ವಲ್ಪ ಸೂಕ್ಷ್ಮ. 2003ರಲ್ಲಿ ಲಿನ್ ಸ್ನೆಡನ್ ಎಂಬ ಜೀವವಿಜ್ಞಾನಿ ಮತ್ತು ಅವರ ತಂಡ, ಟ್ರೌಟ್‌ನ ಮುಖದಲ್ಲಿ ಗಾಯ, ಶಾಖ ಮತ್ತು ಆಮ್ಲವನ್ನು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ತಿನ್ನುವುದನ್ನು ಬಿಟ್ಟವು, ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿದವು. ಇದು ನಮ್ಮ ನೋವಿನಂಥದ್ದೇ ಅನುಭವವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ "ಏನೂ ಆಗುವುದಿಲ್ಲ" ಎಂದು ಖಚಿತವಾಗಿ ಹೇಳಲು ಆಧಾರವಿಲ್ಲ.

ಈಜಿ ಹೋಯಿತು ಅಂದರೆ ಬದುಕಿತು ಅಂತಲ್ಲ

ಬಾಸ್ ಸ್ಪರ್ಧೆಗಳ ಬಗ್ಗೆ ಅಮೆರಿಕದಲ್ಲೇ ನಡೆದ ಅಧ್ಯಯನಗಳು ಮೂರು ವಿಷಯಗಳನ್ನು ಎತ್ತಿ ತೋರಿಸಿವೆ. ಮೂರೂ ವಿಡಿಯೊದಲ್ಲಿ ಕಾಣಿಸದಂಥವು.

ಒಂದು, ತಡವಾದ ಸಾವು. ಬಿಟ್ಟಾಗ ಚೆನ್ನಾಗಿಯೇ ಈಜಿ ಹೋದ ಮೀನು ಎರಡು ಮೂರು ದಿನದಲ್ಲಿ ಸಾಯಬಹುದು. ದಿನವಿಡೀ ತೊಟ್ಟಿಯಲ್ಲಿದ್ದು, ಚೀಲದಲ್ಲಿ ತೂಗಿ, ಕೈಯಿಂದ ಕೈಗೆ ಹೋಗಿ ಮೈಮೇಲಿನ ಲೋಳೆ ಕಳೆದುಕೊಂಡಿರುತ್ತದೆ. ಆ ಲೋಳೆ ಮೀನಿಗೆ ಚರ್ಮದ ಮೇಲಿನ ಕವಚ. ಅದು ಹೋದರೆ ಸೋಂಕಿಗೆ ದಾರಿ.

ಎರಡು, ಸ್ಥಳಾಂತರ. ಮೀನನ್ನು ಹಿಡಿದದ್ದು ಒಂದು ಕಡೆ, ಬಿಡುವುದು ತೂಕದ ಕಟ್ಟೆಯ ಬಳಿ. ಅದು ಮೈಲುಗಟ್ಟಲೆ ದೂರ ಇರಬಹುದು. ಬಿಟ್ಟ ಜಾಗದ ಸುತ್ತಲೇ ಬಹಳ ಮೀನು ಗುಂಪುಗೂಡುವುದನ್ನು ಸಂಶೋಧಕರು ಗಮನಿಸಿದ್ದಾರೆ.

ಮೂರು, ಅನಾಥ ಮೊಟ್ಟೆಗಳು. ನನಗೆ ಹೆಚ್ಚು ಕಾಡಿದ್ದು ಇದು. ಬಾಸ್‌ನಲ್ಲಿ ಮಕ್ಕಳನ್ನು ಕಾಯುವುದು ಅಪ್ಪ. ಗಂಡು ಮೀನು ತಳದಲ್ಲಿ ಗುಂಡಿ ಮಾಡಿ, ಮೊಟ್ಟೆಗಳನ್ನೂ ಆಮೇಲೆ ಮರಿಗಳನ್ನೂ ಹಗಲಿರುಳು ಕಾಯುತ್ತದೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ. ಅದಕ್ಕೇ ಆ ಕಾಲದಲ್ಲಿ ಗಾಳಕ್ಕೆ ಬೇಗ ಬೀಳುತ್ತದೆ. ಅದನ್ನು ಕೆಲವೇ ನಿಮಿಷ ಎತ್ತಿ ಹಿಡಿದರೂ ಸಾಕು, ಕಾದು ಕೂತ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ಅಪ್ಪ ಬದುಕುತ್ತಾನೆ, ಸಂತಾನ ಹೋಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಗಾಳಕ್ಕೆ ಸುಲಭವಾಗಿ ಸಿಗುವ ಬಾಸ್‌ಗಳೇ ಮರಿಗಳನ್ನು ಹೆಚ್ಚು ಶ್ರದ್ಧೆಯಿಂದ ಕಾಯುವಂಥವು. ಅಂದರೆ ಗಾಳ ಮೊದಲು ಹಿಡಿಯುವುದು ಒಳ್ಳೆಯ ಅಪ್ಪಂದಿರನ್ನು.

"ಅದು ಅಮೆರಿಕದ ಮೀನು, ನಮಗೇನು" ಅನ್ನಬೇಡಿ. ನಮ್ಮ ಕೆರೆಗಳ ಕೊರವ ಮೀನು ಕೂಡ ಹೀಗೇ. ಮೀನಂಗಡಿಯಲ್ಲಿ ಮುರ್ರೆಲ್ ಎಂದು ಮಾರುತ್ತಾರಲ್ಲ, ಅದೇ ಕುಟುಂಬ. ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ಬಳಿ ಕೆಂಪು ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಪುಟಿಯುವುದನ್ನು ಹಳ್ಳಿಯವರು ನೋಡಿರುತ್ತಾರೆ. ಅದರ ಕೆಳಗೇ ತಾಯಿ ತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಗಾಳ ಇಳಿಸಿದರೆ ದೊಡ್ಡ ಮೀನು ಸಿಗುವುದು ಖಾತ್ರಿ, ಆ ಮರಿಗಳು ಬೇರೆ ಮೀನುಗಳ ಪಾಲಾಗುವುದೂ ಅಷ್ಟೇ ಖಾತ್ರಿ.

ಬಿಡುವುದೇ ತಪ್ಪಾದ ಊರು

ಅದೇ ಬಾಸ್ ಮೀನನ್ನು 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟರು. ಮುಂದೆ ಗಾಳದ ಆಟ ಜನಪ್ರಿಯವಾದಂತೆ ಅದು ಊರೂರಿಗೆ ಹರಡಿತು. ಸ್ಥಳೀಯ ಸಣ್ಣ ಮೀನುಗಳನ್ನು ನುಂಗತೊಡಗಿತು. ಜಪಾನಿನ ಅತಿ ದೊಡ್ಡ ಸರೋವರ ಬಿವಾ ಇರುವ ಶಿಗಾ ಪ್ರಾಂತ್ಯದಲ್ಲಿ, ಹಿಡಿದ ಬಾಸ್ ಅನ್ನು ಮತ್ತೆ ನೀರಿಗೆ ಬಿಡಬಾರದು ಎಂಬ ನಿಯಮ 2003ರಲ್ಲಿ ಜಾರಿಗೆ ಬಂತು. 2005ರಲ್ಲಿ ಇಡೀ ದೇಶ ಬಾಸ್ ಅನ್ನು ಹಾನಿಕಾರಕ ಹೊರಗಿನ ಜಾತಿಗಳ ಪಟ್ಟಿಗೆ ಸೇರಿಸಿತು. ತಮಾಷೆಯೆಂದರೆ, 2009ರಲ್ಲಿ ಸುಮಾರು 10 ಕಿಲೊ ತೂಗಿ, 1932ರ ಅಮೆರಿಕದ ವಿಶ್ವದಾಖಲೆಗೆ ಸರಿಸಮನಾದ ಬಾಸ್ ಸಿಕ್ಕಿದ್ದು ಇದೇ ಬಿವಾದಲ್ಲಿ.

ಹಾಗಾಗಿ "ಹಿಡಿದು ಬಿಡುವುದೇ ಸಂರಕ್ಷಣೆ" ಎಂಬ ಮಾತು ಎಲ್ಲ ನೀರಿಗೂ ಹೊಂದುವುದಿಲ್ಲ. ಯಾವ ಮೀನು, ಯಾವ ನೀರು ಎಂದು ಕೇಳಬೇಕು. ಈ ಪ್ರಶ್ನೆ ಕೇಳದೆ ಹೋದುದರ ಬೆಲೆ ಏನು ಎಂಬುದನ್ನು ನಮ್ಮದೇ ನದಿ ಹೇಳುತ್ತಿದೆ.

ಕಾವೇರಿಯ ಬಿಳಿ ಮೀನು

ಅಮೆರಿಕಕ್ಕೆ ಬಾಸ್ ಹೇಗೋ ಗಾಳಗಾರರ ಲೋಕದಲ್ಲಿ ಕಾವೇರಿಗೆ ಮಹಶೀರ್ ಹಾಗೆ. ನಮ್ಮ ಕಡೆ ಇದನ್ನು ಬಿಳಿ ಮೀನು ಎನ್ನುತ್ತಾರೆ. 1946ರ ಮಾರ್ಚಿನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೊ ತೂಕದ ಮಹಶೀರ್ ಹಿಡಿದರು. ಆ ದಾಖಲೆ ಇಂದಿಗೂ ಹೆಸರುವಾಸಿ. ಹಾಗೆ ದೈತ್ಯವಾಗಿ ಬೆಳೆಯುತ್ತಿದ್ದುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ, ಬೆನ್ನ ಮೇಲೆ ಗೂನು ಇರುವ ಜಾತಿ: ಗೂನುಬೆನ್ನಿನ ಮಹಶೀರ್.

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹವ್ಯಾಸಿಗಳು ಕಾವೇರಿಗೆ ಬಂದು ಹೋದ ಮೇಲೆ ಈ ಮೀನಿನ ಹೆಸರು ಮತ್ತೆ ಜಗತ್ತಿನ ತುಂಬ ಹರಡಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರಗಳಾದವು. ಹಿಡಿದದ್ದನ್ನು ತೂಗಿ, ಬರೆದಿಟ್ಟು, ಬಿಟ್ಟುಬಿಡುವುದು ಅಲ್ಲಿನ ಕಡ್ಡಾಯ ನಿಯಮ. ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದ ಕೆಲವರೇ ಶಿಬಿರದಲ್ಲಿ ಸಂಬಳದ ಮಾರ್ಗದರ್ಶಕರಾದರು. ಹೊಳೆಗೆ ಡೈನಮೈಟ್ ಎಸೆಯುವವರ ಮೇಲೆ ಕಣ್ಣಿಡಲು ಜನ ಇದ್ದರು. ಇದು ನಿಜವಾದ ಲಾಭ.

ಒಂದೊಂದು ಮೀನಿನ ಮಟ್ಟದಲ್ಲೂ ಸುದ್ದಿ ಕೆಟ್ಟದಲ್ಲ. ಕಾವೇರಿಯಲ್ಲೇ ನೀಲಿ ರೆಕ್ಕೆಯ ಮಹಶೀರ್ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹುಪಾಲು ಮೀನುಗಳಿಗೆ ಗಾಳ ಬಾಯಿಗೇ ತಗುಲಿತ್ತು, ದೊಡ್ಡ ಗಾಯಗಳು ಕಡಿಮೆ, ಸಾವೂ ಕಡಿಮೆ. ಹೆಚ್ಚು ಹೊತ್ತು ಒದ್ದಾಡಿದವುಗಳ ರಕ್ತದಲ್ಲಿ ಏರುಪೇರು ಹೆಚ್ಚಿತ್ತು, ಅಷ್ಟೆ.

ಹಾಗಾದರೆ ಗೂನುಬೆನ್ನಿನ ಮಹಶೀರ್ ಉಳಿದುಕೊಂಡಿತೇ? ಇಲ್ಲ, ಅಳಿವಿನ ಅಂಚಿಗೆ ಹೋಯಿತು.

ಮೀನು ಹೆಚ್ಚಿತು, ಜಾತಿ ಹೋಯಿತು

1970ರ ದಶಕದಿಂದ ಕಾವೇರಿಗೆ ಮಹಶೀರ್ ಮರಿಗಳನ್ನು ತಂದು ಬಿಡಲಾಯಿತು. ಅವು ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಪವರ್ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆದ ನೀಲಿ ರೆಕ್ಕೆಯ ಮಹಶೀರ್‌ಗಳು. ಉದ್ದೇಶ ಒಳ್ಳೆಯದೇ: ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ. ಆದರೆ ಅದು ಬೇರೆ ಜಾತಿ. ಹೆಸರು ಒಂದೇ ಎಂದ ಮಾತ್ರಕ್ಕೆ ಮೀನು ಒಂದೇ ಆಗುವುದಿಲ್ಲ.

ಗಾಳಿಬೋರೆ ಶಿಬಿರದ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಕೂತು ಲೆಕ್ಕ ಹಾಕಿದರು. 1998ರಿಂದ 2012ರವರೆಗೆ ಅಲ್ಲಿ 23,620 ಗಂಟೆ ಗಾಳ ಹಾಕಿ ಹಿಡಿದ ಮಹಶೀರ್ 6,161. ಅರ್ಧ ಕಿಲೊದಿಂದ ಸುಮಾರು 47 ಕಿಲೊವರೆಗಿನ ಮೀನುಗಳು. ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು. ಇಷ್ಟನ್ನೇ ನೋಡಿದರೆ ಸಂರಕ್ಷಣೆ ಗೆದ್ದಿತು ಎಂದು ಒಂದು ಚೆಂದದ ಫಾರ್ವರ್ಡ್ ಮಾಡಬಹುದು.

ಜಾತಿ ಬೇರ್ಪಡಿಸಿ ನೋಡಿದಾಗ ಚಿತ್ರ ತಿರುಗಿತು. ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನ ಮೀನು ವರ್ಷವರ್ಷಕ್ಕೆ ಕಡಿಮೆಯಾಗುತ್ತಾ, ಸಿಕ್ಕವು ಮಾತ್ರ ಹೆಚ್ಚೆಚ್ಚು ದೊಡ್ಡದಾಗುತ್ತಾ ಹೋಗಿದ್ದವು. ದೊಡ್ಡ ಮೀನು ಸಿಕ್ಕರೆ ಖುಷಿಪಡುವ ವಿಷಯ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಊರಲ್ಲಿ ಮುದುಕರು ಮಾತ್ರ ಉಳಿದು ಮಕ್ಕಳೇ ಹುಟ್ಟದಿದ್ದ ಹಾಗೆ. ಹೊಸ ಮರಿಗಳು ಬರುತ್ತಿರಲಿಲ್ಲ.

ಇನ್ನೂ ದುಃಖದ ವಿಷಯ, ನೂರೈವತ್ತು ವರ್ಷಗಳಿಂದ ಗಾಳಗಾರರು ಬರೆದು ಕೊಂಡಾಡಿದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಅಂಟಿದ್ದೇ 2018ರಲ್ಲಿ. ಅದು 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ವಿವರಿಸಿದ್ದ 'ಟಾರ್ ರೆಮಾದೇವಿ' ಜಾತಿಯೇ ಎಂದು ಗೊತ್ತಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು 'ತೀವ್ರ ಅಪಾಯದಲ್ಲಿರುವ' ಜಾತಿ ಎಂದು ಸೇರಿತು. ಇದಕ್ಕಿಂತ ಮುಂದಿನ ಮೆಟ್ಟಿಲು ಕಾಡಿನಿಂದ, ಹೊಳೆಯಿಂದ ಪೂರ್ತಿ ಅಳಿಯುವುದು.

ಕಾರಣ ಒಂದೇ ಅಲ್ಲ. ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್, ಬೇಸಗೆಯಲ್ಲಿ ಬತ್ತುವ ಹೊಳೆ ಎಲ್ಲವೂ ಸೇರಿವೆ. ಆದರೆ ಹೊರಗಿನ ಮಹಶೀರ್ ಬಿಟ್ಟದ್ದು ದೊಡ್ಡ ಪೆಟ್ಟುಗಳಲ್ಲಿ ಒಂದು ಎಂದು ಸಂಶೋಧಕರು ಗುರುತಿಸುತ್ತಾರೆ. ಗಮನಿಸಿ, ಗಾಳ ತಗುಲಿ ಸತ್ತು ಈ ಮೀನು ಮುಗಿದದ್ದಲ್ಲ. ಹಾಗೆಯೇ, ಹಿಡಿದು ಬಿಟ್ಟ ಮಾತ್ರಕ್ಕೆ ಉಳಿಯಲೂ ಇಲ್ಲ.

ನಿಷೇಧದಿಂದ ಸರಿಹೋಯಿತೇ?

ಭೀಮೇಶ್ವರಿ, ಗಾಳಿಬೋರೆಯ ಹೊಳೆ ಇರುವುದು ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿ. ಧಾಮದೊಳಗೆ ಮೀನು ಹಿಡಿಯುವುದೂ ಬೇಟೆಯೇ ಎಂಬ ಅರ್ಥದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅನ್ವಯಿಸಿದ್ದರಿಂದ 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಹುಲಿಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ನ್ಯಾಯ ಯಾಕೆ ಎಂದು ಕೇಳಿದರೆ ಇದು ಸರಿಯೇ. ಆದರೆ ಗಾಳದ ಜೊತೆಗೆ ಆ ಲೆಕ್ಕದ ಪುಸ್ತಕವೂ ನಿಂತಿತು, ಹೊಳೆಯ ದಡದಲ್ಲಿ ದಿನವೂ ಇರುತ್ತಿದ್ದ ಕಣ್ಣುಗಳೂ ಕಡಿಮೆಯಾದವು. ಗೂನುಬೆನ್ನಿನ ಮೀನು ಕುಸಿಯುತ್ತಿದೆ ಎಂದು ನಮಗೆ ಗೊತ್ತಾದದ್ದೇ ಆ ಪುಸ್ತಕದಿಂದ. ಈ ಕಾರಣಕ್ಕೆ ನಿಯಮದೊಳಗಿನ ಗಾಳ ಇರಲಿ ಎನ್ನುವ ಸಂರಕ್ಷಕರೂ ಇದ್ದಾರೆ, ಧಾಮದಲ್ಲಿ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಎರಡೂ ಕಡೆ ಮೀನಿನ ಮೇಲೆ ಪ್ರೀತಿ ಇರುವವರೇ ಇದ್ದಾರೆ. ಒಂದು ಸಾಲಿನ ಫಾರ್ವರ್ಡಿಗೆ ಇದು ಹಿಡಿಸುವುದಿಲ್ಲ.

ಇದಕ್ಕೂ ತುಮಕೂರಿಗೂ ಏನು ಸಂಬಂಧ?

ಶಿಂಷಾ ಹುಟ್ಟುವುದು ತುಮಕೂರಿನ ದೇವರಾಯನದುರ್ಗದ ಬೆಟ್ಟಗಳಲ್ಲಿ. ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ದಾಟಿ, ಮದ್ದೂರು, ಶಿಂಷಾಪುರದ ಮೇಲೆ ಹರಿದು ಅದು ಕಾವೇರಿ ಸೇರುತ್ತದೆ. ಸೇರುವ ಜಾಗ ಭೀಮೇಶ್ವರಿಯಿಂದ ಬಹಳ ದೂರವೇನಲ್ಲ. ಇನ್ನೊಂದು ಕಡೆಯಿಂದ, ಕಾವೇರಿಯ ಉಪನದಿ ಹೇಮಾವತಿಯ ನೀರು ನಾಲೆಗಳಲ್ಲಿ ನಮ್ಮ ಕೆರೆಗಳಿಗೆ ಬರುತ್ತದೆ. ತುಮಕೂರು ನಗರ ಕುಡಿಯುವ ಬುಗುಡನಹಳ್ಳಿ ಕೆರೆಯ ನೀರೂ ಅದೇ. ಅಂದರೆ ನಮ್ಮ ಕೆರೆಗಳು ಒಂಟಿ ಬಾವಿಗಳಲ್ಲ. ಕೋಡಿ ಬಿದ್ದಾಗ ನೀರಿನ ಜೊತೆ ಮೀನೂ ಹೋಗುತ್ತದೆ, ಮುಂದಿನ ಕೆರೆಗೆ, ಅಲ್ಲಿಂದ ಹೊಳೆಗೆ.

ನಮ್ಮ ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ಗಂಗಾ ಬಯಲಿನವು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, 1952ರಲ್ಲಿ ಹೊರದೇಶದಿಂದ ಬಂದದ್ದು. ಸಾಕಣೆ ಮೀನನ್ನು ದೂರುವುದು ನನ್ನ ಉದ್ದೇಶವಲ್ಲ. ಎಷ್ಟೋ ಮೀನುಗಾರ ಕುಟುಂಬಗಳ ಅನ್ನ ಅದು, ನಮ್ಮ ಮನೆಯ ಭಾನುವಾರದ ಸಾರೂ ಅದೇ. ಆದರೆ ಯಾವ ಲೆಕ್ಕಾಚಾರವೂ ಇಲ್ಲದೆ ಬರುವ ಮೀನುಗಳ ಕಥೆ ಬೇರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಸಿಕ್ಕಿದ್ದನ್ನೆಲ್ಲ ತಿಂದು ಬದುಕುವ, ಗಾಳಿಯನ್ನೂ ಉಸಿರಾಡಬಲ್ಲ ಮೀನು ಅದು. ಮನೆಯ ಅಕ್ವೇರಿಯಂನಲ್ಲಿ ಗಾಜು ಉಜ್ಜುವ ಮೀನು ದೊಡ್ಡದಾಯಿತು ಎಂದು "ಪಾಪ, ಬದುಕಿಕೊಳ್ಳಲಿ" ಅಂತ ಕೆರೆಗೆ ಬಿಡುವವರೂ ಇದ್ದಾರೆ. ಕಾವೇರಿಗೆ ನೀಲಿ ರೆಕ್ಕೆಯ ಮರಿ ಬಿಟ್ಟವರದೂ ಅಂಥದೇ ಒಳ್ಳೆಯ ಮನಸ್ಸು.

ಗಾಳ ಹಿಡಿಯುವವರಿಗೆ, ಫಾರ್ವರ್ಡ್ ಮಾಡುವವರಿಗೆ

ಮೊದಲನೆಯದು ಕಾನೂನು. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆ ಪಡೆದ ಸಂಘದವರದು, ಅವರನ್ನು ಕೇಳದೆ ಗಾಳ ಹಾಕಬೇಡಿ. ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ತಿನ್ನಲು ಹಿಡಿದರೆ ಬೇಕಾದಷ್ಟೇ ಹಿಡಿಯಿರಿ. ಸಾರಿಗೆ ಎಂದು ನಾಲ್ಕು ಮೀನು ಹಿಡಿಯುವವನು, ಫೋಟೊಗೆ ಎಂದು ನಲವತ್ತು ಹಿಡಿದು ಬಿಡುವವನಿಗಿಂತ ಕೆಟ್ಟವನೆಂದು ಲೆಕ್ಕ ಹೇಳುವುದಿಲ್ಲ. ಮೇಲಿನ ಸರಾಸರಿಯಲ್ಲೇ ನಲವತ್ತಕ್ಕೆ ಏಳು ಸಾಯುತ್ತವೆ.

ಬಿಡುವುದೇ ಆದರೆ ಬೇಗ ಎಳೆಯಿರಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ದೊಡ್ಡ ಮೀನನ್ನು ದವಡೆಯಿಂದ ನೇತುಹಾಕಬೇಡಿ, ಹೊಟ್ಟೆಗೆ ಕೈ ಆಸರೆ ಕೊಡಿ. ಗಾಳ ನುಂಗಿಬಿಟ್ಟಿದ್ದರೆ ಕಿತ್ತು ತೆಗೆಯುವುದಕ್ಕಿಂತ ದಾರ ಕತ್ತರಿಸಿ ಬಿಡುವುದು ಮೇಲು. ಫೋಟೊ ಬೇಕೆಂದರೆ ಮೀನು ನೀರಿನಲ್ಲಿರುವಾಗಲೇ ತೆಗೆಯಿರಿ. ಕೊರವದ ಮರಿಗಳ ಗುಂಪು ಕಂಡರೆ ಅಲ್ಲಿಂದ ಗಾಳ ಎತ್ತಿಕೊಳ್ಳಿ. ನಿಷೇಧಿತ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಮತ್ತೆ ನೀರಿಗೆ ಬಿಡಬೇಡಿ. ಎಲ್ಲಿಂದಲೋ ತಂದ ಮೀನನ್ನು, ಅದು ಎಷ್ಟೇ ಚೆಂದವಿರಲಿ, ಕೆರೆಗೆ ಸುರಿಯಬೇಡಿ.

ಇನ್ನು ಫಾರ್ವರ್ಡ್ ಬಂದಾಗ ಎರಡೇ ಪ್ರಶ್ನೆ ಸಾಕು: ಅದು ಯಾವ ಮೀನು? ವಿಡಿಯೊ ಮುಗಿದ ಮೇಲೆ ಏನಾಯಿತು?

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಚಿಕ್ಕಂದಿನಿಂದ ಕುಣಿಗಲ್ ದೊಡ್ಡಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಲ್ಲ ಕಣಮ್ಮ, ಮುಂಚೆ ಕೆರೇಲಿ ಹತ್ತು ತರದ ಮೀನು ಬರೋವು. ಈಗ ಮೀನು ಜಾಸ್ತೀನೇ ಬರುತ್ತೆ, ಆದ್ರೆ ಮೂರೋ ನಾಲ್ಕೋ ತರ ಅಷ್ಟೆ. ಅದು ಲೆಕ್ಕಕ್ಕೆ ಬರುತ್ತೇನು?"

ಗಾಳಿಬೋರೆಯ ಪುಸ್ತಕದಿಂದ ಸಂಶೋಧಕರು ತೆಗೆದದ್ದೂ ಇದೇ ಮಾತು. ಬರುತ್ತೆ ಮಾವ, ಅದೇ ಲೆಕ್ಕ ಅಂದೆ. ಹಳೆಯ ಮೀನುಗಳ ಹೆಸರನ್ನೆಲ್ಲ ನೆನಪು ಮಾಡಿಕೊಂಡು ಗ್ರೂಪಿಗೆ ಹಾಕಲು ಹೇಳಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಮಾವನೋ ತಾತನೋ ಇದ್ದರೆ, ಆ ಪಟ್ಟಿಯನ್ನು ಬರೆಸಿಟ್ಟುಕೊಳ್ಳಿ. ಶೇರ್ ಮಾಡಲು ಅದು ಒಳ್ಳೆಯ ಮೆಸ್ಸೇಜು.